ಸೈಕಲ್ ಮ್ಯಾಲಿನ ಬಟ್ಟಿ

ಸಿಮ್ರನನ ಅಬ್ಬಾ,

ಫ್ಯಾಕ್ಟರಿ ಗಾಡಿ ಬಂದೈತಿ, ನಾ ಹೊಂಟೆ. ನೀವು ಬಂದರದ ರಾತ್ರಿ ಪಾಳಿ ಮುಗಿಸಿ ಬರೂದ್ರಾಗ ನಳ ಬರತೈತಿ, ಮೊದಲ ಕೊಡ ತುಂಬ್ರಿ. ಸಿಮ್ರನನ್ನ ಎಬ್ಬಿಸಿ ಸಾಲಿಗೆ ಕಳಸ್ರಿ. ಸಾರು ಬಿಸಿ ಮಾಡಕೊಂಡು ಉಣ್ರಿ.

ಆಮ್ಯಾಲೆ ನೀವು, ನಾ ನಿಮ್ಮ ಗೇರ್ ಸೈಕಲ್ ಮ್ಯಾಲೆ ಒಣಾಕ ಹಾಕಿದ ಬಟ್ಟಿ ತಗದು, ಸೈಕಲ್ ಹೊಡಕೊಂಡು ಸಡಾ ಗುಡ್ಡ ಸುತ್ತಿ ಬಂದು, ಮತ್ತ ಅಲ್ಲೇ ಹಾಕತೀರಿ. ನಾಕು ದಿನದಿಂದ ಗೊತ್ತೈತ್ರಿ. ನಾ ಅಂಗಿ ಉಲ್ಟಾ ಮಾಡಿ ಒಣ ಹಾಕತೇನಿ, ನೀವು ಸೀದಾ ಹಾಕಿರತೀರಿ. ತೋಳಿಗೆ ಕೆಂಪು ಮಣ್ಣು ಬ್ಯಾರೆ.

ಎರಡು ವರ್ಷದ ಹಿಂದ ನೀವು ಆ ಗುಡ್ಡದ ಇಳಿಜಾರಿನ್ಯಾಗ ಸೈಕಲ್ಲಿಂದ ಬಿದ್ದು ಹೆಗಲಿನ ಎಲುಬು ಮುರಕೊಂಡಾಗ ತುತ್ತು ಮಾಡಿ ಉಣಿಸಿದಾಕಿ ನಾನ. ಇನ್ನೊಮ್ಮೆ ಅದು ನನ್ನ ಕೈಲಿ ಆಗೂದಿಲ್ರಿ, ಭಾಳ ದಣದೇನಿ. ಆದ್ರ ನಿನ್ನೆ ಜಳಕ ಮಾಡೂವಾಗ ನೀವು ಸಿಳ್ಳಿ ಹಾಕಾಕತ್ತಿದ್ರಿ. ಅದನ್ನ ಕೇಳಿ ಎರಡು ವರ್ಷ ಆಗಿತ್ತು.

ನಿಮ್ಮ ಸೈಕಲ್ ಹೆಲ್ಮೆಟ್ ಕಳದಿಲ್ಲ, ಕಳದೈತಿ ಅಂತ ನಾ ಸುಳ್ಳು ಹೇಳಿದ್ದೆ. ಟ್ರಂಕಿನ್ಯಾಗ ನನ್ನ ಮದುವಿ ಸೀರಿ ಕೆಳಗ ಐತಿ. ಅದು ಸಿಗಲಿಲ್ಲಂದ್ರ ನೀವು ಹೋಗೂದಿಲ್ಲ ಅಂತ ತಿಳದಿದ್ದೆ. ನೀವು ಬರಿ ತಲಿಲೇ ಹೋಗಾಕತ್ತೀರಿ.

ಬಟ್ಟಿ ಇವತ್ತ ಹಗ್ಗದ ಮ್ಯಾಲೆ ಹಾಕೇನಿ.

ಪರ್ವೀನ