ಹ್ಯಾಮಕ್ಕಿಗೆ ಲಾರಿ ಗಂಟು

ಮಾವ,

ತೀರಿಕೊಂಡವರಿಗೆ ಬರೆಯುವಾಗ ಎಲ್ಲರೂ ಮೆತ್ತಗೆ ಶುರು ಮಾಡುತ್ತಾರೆ. ನನ್ನಿಂದ ಆಗುವುದಿಲ್ಲ. ನೀವು ಹೋಗಿ ಇಷ್ಟು ತಿಂಗಳಾದರೂ ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಯುವುದು ಹೇಗೆ? ಕಳೆದ ವಾರದವರೆಗೂ ಬೆಳಗಾದರೆ ಹಿತ್ತಿಲ ಬಾಗಿಲು ತೆಗೆಯಬೇಕಿತ್ತು, ತೆಗೆದರೆ ನಿಮ್ಮ ಹ್ಯಾಮಕ್ಕು, ಆ ಬಟ್ಟೆಯ ತೂಗುಹಾಸಿಗೆ, ಕಾಣುತ್ತಿತ್ತು. ಬೇವಿನ ಮರದಿಂದ ತೆಂಗಿನ ಮರಕ್ಕೆ, ಬಟ್ಟೆ ಒಣಹಾಕುವ ತಂತಿಯ ಹಾಗೆ ಸೆಟೆದು ನಿಂತಿತ್ತು. ಅದರಲ್ಲಿ ಮನುಷ್ಯರು ಮಲಗಬೇಕಂತೆ!

ಅದನ್ನು ಮನೆಗೆ ತಂದ ದಿನ ನೆನಪಿದೆಯೇ? ಲಾರಿ ಬಿಟ್ಟು ಮನೆಯಲ್ಲಿ ಕುಳಿತ ಮೇಲೆ ನಿಮಗೆ ನಿದ್ದೆಯೇ ಇರಲಿಲ್ಲ. ಕಂಪ್ಲಿಯ ಮಿಲ್ಲುಗಳಿಂದ ಅಕ್ಕಿ ಹೇರಿಕೊಂಡು ಜನ್ಮವೆಲ್ಲ ಓಡಾಡಿದವರು, ಕ್ಯಾಬಿನ್ನಿನ ಹಲಗೆಯ ಮೇಲೆ ಗೊರಕೆ ಹೊಡೆದವರು, ಹೊಸಪೇಟೆಯ ಮನೆಯ ದೊಡ್ಡ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದಿರಿ. "ಮನಿ ಅಲುಗಾಡಂಗಿಲ್ಲವ್ವ, ಅದಕ್ಕ ನಿದ್ದಿ ಬರಂಗಿಲ್ಲ" ಎಂದಿರಿ. ಸಂಡೂರಿನ ಗುಡ್ಡದ ಟೆಂಟ್ ಕ್ಯಾಂಪಿನಲ್ಲಿ, ಪ್ರವಾಸಕ್ಕೆ ಬಂದವರಿಗೆ ಮಲಗುವ ಏರ್ಪಾಡು ನೋಡಿಕೊಳ್ಳುವುದೇ ನನ್ನ ಕೆಲಸವಲ್ಲವೇ? ಅಲ್ಲಿಂದಲೇ ಕಿತ್ತಳೆ ಬಣ್ಣದ ಒಂದು ಹ್ಯಾಮಕ್ಕು, ಮರಕ್ಕೆ ಸುತ್ತುವ ಅಗಲವಾದ ಪಟ್ಟಿ ಎರಡು, ಎಲ್ಲ ತಂದುಕೊಟ್ಟೆ. ಕಟ್ಟಿಕೊಡುತ್ತೇನೆ ತಡೆಯಿರಿ ಎಂದು ಬಟ್ಟೆ ಬದಲಿಸಲು ಒಳಗೆ ಹೋದೆ, ಅಷ್ಟೇ.

ಬರುವಷ್ಟರಲ್ಲಿ ನೀವು ಪಟ್ಟಿಗಳನ್ನು ಮೂಲೆಗೆ ಎಸೆದು, ಅಟ್ಟದ ಮೇಲಿದ್ದ ಲಾರಿಯ ನೈಲಾನ್ ಹಗ್ಗ ಇಳಿಸಿದ್ದಿರಿ. ಕಾಲನ್ನು ಬೇವಿನ ಬುಡಕ್ಕೆ ಕೊಟ್ಟು, ಹಲ್ಲು ಕಚ್ಚಿ ಎಳೆಯುತ್ತಿದ್ದಿರಿ. "ಮಾವಾರ, ಸಡ್ಲ ಬಿಡ್ರಿ! ಬಾಳಿಹಣ್ಣಿನಂಗ ಬಾಗಬೇಕದು" ಎಂದು ಕೂಗಿದೆ. ನೀವು ತಿರುಗಿಯೂ ನೋಡಲಿಲ್ಲ. "ಸಡ್ಲ ಬಿಟ್ರ ಲೋಡು ಹೋತವ್ವ. ಘಾಟಿನಾಗ ಒಂದು ಚೀಲ ಜಾರಿಲ್ಲ ನಂದು." ಲೋಡು ಅಲ್ಲರೀ, ಮಲಗುವವರು ನೀವು ಎಂದೆ. ಯಾರು ಕೇಳಬೇಕು? ಲೋಡು ಮುಚ್ಚುವ ತಾಡಪತ್ರಿಯ ಮೇಲೆ ಬಿಗಿಯುವ ಅದೇ ಗಂಟು, ಅದೇ ಎಳೆತ. ಬೆರಳಿನಿಂದ ಮೀಟಿದರೆ ಹಗ್ಗ ನಾದ ಹೊರಡಿಸುತ್ತಿತ್ತು.

ಮೊದಲ ಸಲ ಹತ್ತಿ ಮಲಗಿದ್ದು ನೋಡಲು ಪಕ್ಕದ ಮನೆಯ ಗೌರಕ್ಕ ಗೋಡೆಗೆ ಕೈಯೂರಿ ನಿಂತಿದ್ದರು. "ಏನ್ರೀ ಇದು, ವಯಸ್ಸಾದ ಮ್ಯಾಲ ತೊಟ್ಲಾ?" ಎಂದು ಅವರು ಬಾಯಿ ಮುಚ್ಚುವುದರೊಳಗೆ ಹ್ಯಾಮಕ್ಕು ಮಗುಚಿ ನೀವು ತುಳಸಿಕಟ್ಟೆಯ ಪಕ್ಕ ಬಿದ್ದಿದ್ದಿರಿ. ಬಿಗಿ ಕಟ್ಟಿದರೆ ಬೀಳಿಸದೆ ಏನು ಮಾಡುತ್ತದೆ? ಆಗಲಾದರೂ ಬುದ್ಧಿ ಬರಬೇಕಿತ್ತು. ನೀವು ಎದ್ದು ಪಂಚೆ ಕೊಡವಿ, ಹಗ್ಗ ಹಿಡಿದು ನೋಡಿ, "ಇನ್ನೊಂದೀಟು ಬಿಗಿ ಬೇಕಿತ್ತು" ಎಂದಿರಿ. ನಿಮ್ಮ ಮಗ ತೋರಣಗಲ್ಲಿನ ಶಿಫ್ಟ್ ಮುಗಿಸಿ ಬಂದು ಈ ಕಥೆ ಕೇಳಿ ನಕ್ಕು ನಕ್ಕು ಊಟ ಬಿಟ್ಟರು. ನನಗೆ ನಗು ಬರಲಿಲ್ಲ.

ಕಣ್ಣಾರೆ ಕಂಡರೆ ನಂಬುತ್ತೀರಿ ಎಂದು ಒಮ್ಮೆ ಸಂಡೂರಿಗೆ ಕರೆದುಕೊಂಡು ಹೋದೆ. ಅದು ನನ್ನದೇ ಹುಚ್ಚು. ಅಲ್ಲಿ ಮಧ್ಯಾಹ್ನದ ನೆರಳಿನಲ್ಲಿ ಸಾಲಾಗಿ ಹ್ಯಾಮಕ್ಕು ಕಟ್ಟಿದ್ದವು, ಜನ ಬಾಯಿ ತೆರೆದು ಮಲಗಿದ್ದರು. ನೋಡಿ ಮಾವಾರ, ಹೀಗೆ ಜೋತು ಬಿಡಬೇಕು, ಕುಳಿತರೆ ನೆಲದಿಂದ ಕುರ್ಚಿಯಷ್ಟೇ ಎತ್ತರ ಇರಬೇಕು, ನೆಟ್ಟಗೆ ಮಲಗಬಾರದು, ಓರೆಯಾಗಿ ಮಲಗಿದರೆ ಬೆನ್ನು ಸಪಾಟಾಗುತ್ತದೆ ಎಂದು ಒಂದೊಂದೇ ತೋರಿಸಿದೆ. ನೀವು ಹೂಂ ಹೂಂ ಎಂದಿರಿ. ನಾನು ಚಹಾ ತರಲು ಹೋಗಿ ಬರುವಷ್ಟರಲ್ಲಿ... ಏನು ಹೇಳಲಿ. "ಕಟ್ಟಿದಂವ ಯಾವನೋ, ಕೈಯಾಗ ಶಕ್ತಿನ ಇಲ್ಲ" ಎನ್ನುತ್ತ ಖಾಲಿ ಇದ್ದವುಗಳನ್ನೆಲ್ಲ ಬಿಗಿದು ಮುಗಿಸಿದ್ದಿರಿ! ಆ ಸಂಜೆ ಹೊಸದಾಗಿ ಬಂದ ಅತಿಥಿಗಳು ಒಬ್ಬರ ಹಿಂದೆ ಒಬ್ಬರು ನೆಲಕ್ಕೆ ಬಿದ್ದರು. ಮ್ಯಾನೇಜರ್ ನನ್ನನ್ನು ಕರೆದು ಕೇಳಿದಾಗ ನಾನು ಯಾರ ಹೆಸರು ಹೇಳಲಿ?

ಅತ್ತೆಯವರ ಹತ್ತಿರ ದೂರು ಒಯ್ದರೆ ಅವರು ಜೋಳದ ಹಿಟ್ಟು ನಾದುತ್ತಲೇ, "ಹಗ್ಗದ ವಿಷ್ಯಾ ಅವ್ರಿಗೆ ಹೇಳಿಕೊಡ್ತೀಯೇನು? ಬಿಡು ಅತ್ಲಾಗ" ಎಂದರು. ಆಯಿತು, ಬಿಟ್ಟೆ. ದಿನಾ ಮಧ್ಯಾಹ್ನ ಉಂಡು ನೀವು ಅದನ್ನೇರುತ್ತಿದ್ದಿರಿ. ಕೆಲಸಕ್ಕೆ ರಜೆ ಇದ್ದ ದಿನ ಅಡುಗೆಮನೆಯ ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಬೀಳದಿರಲಿ ಎಂದು ಎರಡೂ ಕೈಯಿಂದ ಅಂಚು ಹಿಡಿದುಕೊಂಡು, ಮೈ ಸೆಟೆದುಕೊಂಡು, ಬೇವಿನ ಎಲೆ ನೋಡುತ್ತ ಮಲಗಿರುತ್ತಿದ್ದಿರಿ. ರೆಪ್ಪೆ ಮುಚ್ಚಿದ್ದು ನಾನಂತೂ ಒಂದು ದಿನವೂ ಕಾಣಲಿಲ್ಲ. ಇಳಿದು ಬಂದಾಗ ಅತ್ತೆ, "ನಿದ್ದಿ ಬಂತೇನ್ರಿ?" ಎಂದರೆ, "ಮಸ್ತ್ ಬಂತು" ಎನ್ನುತ್ತಿದ್ದಿರಿ. ಕಣ್ಣು ಕೆಂಪಗೆ ಕೆಂಡ. ಯಾಕೆ ಮಾವ? ಸೊಸೆ ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳುವುದಕ್ಕಿಂತ ನಿದ್ದೆಗೆಡುವುದೇ ಹಗುರವಾಗಿತ್ತೇ?

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಕೂಡ ನೀವು ಹಿತ್ತಿಲಿಗೆ ಹೋಗಿ ಗಂಟು ಒತ್ತಿ ನೋಡಿ ಬಂದಿದ್ದಿರಿ. ಎದೆನೋವಿಟ್ಟುಕೊಂಡು! ಆಮೇಲೆ ನೀವು ತಿರುಗಿ ಬರಲಿಲ್ಲ. ನಿಮ್ಮ ನಿದ್ದೆಗೇಡು ಅತ್ತೆಗೆ ಬಂತು. ಮಂಚಕ್ಕೆ ಬೆನ್ನು ಕೊಡಲೊಲ್ಲದಾದರು. ಗೋಡೆಗೆ ಒರಗಿ ಕುಳಿತೇ ಬೆಳಕು ಹರಿಸುತ್ತಿದ್ದರು, ಹಗಲೆಲ್ಲ ತಲೆ ಸುತ್ತು ಎನ್ನುತ್ತಿದ್ದರು. ಡಾಕ್ಟರು ಕೊಟ್ಟ ಮಾತ್ರೆ ಬ್ಯಾಡ ಎಂದರು. ನಾವು ಎಷ್ಟು ಗೋಗರೆದರೂ ಅಷ್ಟೇ.

ಹ್ಯಾಮಕ್ಕು ಬಿಚ್ಚುವ ಮಾತು ಮೊದಲು ಎತ್ತಿದವರು ನಿಮ್ಮ ಮಗ. ಹಗ್ಗ ಬೇವಿನ ತೊಗಟೆಯೊಳಗೆ ಕೊರೆದು ಅಂಟು ಸುರಿಯುತ್ತಿತ್ತು. ಅಗಲವಾದ ಪಟ್ಟಿ ಹಾಕಿ ಎಂದು ನಾನು ಹೇಳಿದ್ದು ಇದಕ್ಕೇ, ಇರಲಿ. ಅವರು ಕುಡುಗೋಲು ತಂದದ್ದೇ ತಡ, ಅತ್ತೆ ಅಡ್ಡ ನಿಂತರು. "ಆ ಗಂಟು ಅವ್ರ ಕೈಲೆ ಹಾಕಿದ್ದು. ಯಾರರ ಮುಟ್ರಿ, ನೋಡ್ತೀನಿ." ಅಂದಿನಿಂದ ಯಾರೂ ಅದರ ಸುದ್ದಿಗೆ ಹೋಗಲಿಲ್ಲ. ಎಲೆ ಉದುರಿ ಅದರ ಮೇಲೆ ಬೀಳುತ್ತಿತ್ತು, ಅಷ್ಟು ಬಿಗಿಯಾಗಿದ್ದುದರಿಂದ ಅಲ್ಲಿ ನಿಲ್ಲದೆ ಜಾರಿ ನೆಲಕ್ಕೆ ಬೀಳುತ್ತಿತ್ತು. ಎಲೆಗೂ ಅದರಲ್ಲಿ ಜಾಗವಿರಲಿಲ್ಲ.

ಕಳೆದ ವಾರ ನಾನು ಕೆಲಸದಿಂದ ಬೇಗ ಬಂದೆ, ಪುಣ್ಯಕ್ಕೆ. ಹಿತ್ತಿಲಲ್ಲಿ ಅತ್ತೆ ಸೀರೆ ಎತ್ತಿ ಕಟ್ಟಿ ಸ್ಟೂಲು ಇಟ್ಟುಕೊಂಡು ಹ್ಯಾಮಕ್ಕು ಏರುತ್ತಿದ್ದರು! ಕೂಗುವಷ್ಟರಲ್ಲಿ ಅದು ಅವರನ್ನೂ ಮಗುಚಿತು. ಓಡಿ ಹೋಗಿ ಹಿಡಿದುಕೊಂಡೆ, ಇಬ್ಬರೂ ಬಿದ್ದೆವು. ನನ್ನ ಮೊಣಕೈ ತರಚಿತು. ಅವರ ಸೊಂಟ ಮುರಿದಿದ್ದರೆ ಗತಿಯೇನು ಮಾವ? ನನ್ನ ಬಾಯಿ ತಡೆಯಲಿಲ್ಲ. "ಮಾವಾರು ಇದನ್ನ ನಿಮ್ಮನ್ನ ಕೆಡವಾಕ ಕಟ್ಟಿದ್ರೇನ್ರಿ?" ಎಂದು ಕೂಗಿಬಿಟ್ಟೆ. ಅತ್ತೆ ನೆಲದ ಮೇಲೆ ಕುಳಿತೇ ಸಣ್ಣ ದನಿಯಲ್ಲಿ, "ಅವ್ರು ಮಲಗಿದ ಜಾಗದಾಗ ನಂಗೂ ನಿದ್ದಿ ಬಂದೀತು ಅಂತ ಮಾಡಿದ್ನೆವ್ವ" ಎಂದರು. ನಾನು ಅವರ ಸೀರೆಗೆ ಹತ್ತಿದ ಮಣ್ಣು ಕೊಡವಿದೆ.

ಅತ್ತೆ ತಾವೇ ಎದ್ದರು. "ನೀ ಮುಟ್ಟಬ್ಯಾಡ, ನಾ ಬಿಚ್ತೀನಿ." ಬಿಸಿಲು ಮಳೆಗೆ ಗಟ್ಟಿಯಾದ ಗಂಟು, ಬರುವುದಿಲ್ಲ ಎಂದುಕೊಂಡೆ. ಅವರು ಹಗ್ಗದ ಸುತ್ತಿನಲ್ಲಿ ಬೆರಳಾಡಿಸಿ ಸಣ್ಣದೊಂದು ತುದಿ ಹುಡುಕಿದರು. "ಇಳಿಸೋ ಹಮಾಲರು ಕಾಯಬಾರ್ದಂತ ಅವ್ರು ಎಳಿಯೋ ತುದಿ ಬಿಟ್ಟ ಗಂಟು ಹಾಕ್ತಿದ್ರು" ಎಂದು ಜಗ್ಗಿದರು. ಒಂದೇ ಎಳೆತ. ಅಷ್ಟು ದಿನದ ಬಿಗಿ ಸರಸರನೆ ಬಿಚ್ಚಿ ಕಾಲ ಬಳಿ ಬಿತ್ತು. ಆಗ ಅವರು ಅತ್ತರು. ನೀವು ಹೋದ ಮೇಲೆ ಅವರು ಬಾಯಿಬಿಟ್ಟು ಅತ್ತಿದ್ದು ಅದೇ ಮೊದಲು. ನಾನೂ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

ಆಮೇಲೆ ಮೂಲೆಯಲ್ಲಿದ್ದ ಪಟ್ಟಿಗಳ ಧೂಳು ಕೊಡವಿ ನಾನೇ ಕಟ್ಟಿದೆ. ತಲೆಗಿಂತ ಎತ್ತರಕ್ಕೆ ಪಟ್ಟಿ, ನಡುವೆ ಚೆನ್ನಾಗಿ ಜೋತು, ಕಾಲಿನ ಕಡೆ ತುಸು ಮೇಲೆ. ಕೆಳಗಿನಿಂದ ಗಾಳಿ ಹೊಡೆದು ಬೆನ್ನು ತಣ್ಣಗಾಗದಿರಲಿ ಎಂದು ಕೌದಿ ಹಾಸಿದೆ. ಹಿತ್ತಿಲಾಚೆಯ ಕಾಲುವೆಯ ಸೊಳ್ಳೆಗೆ ಪರದೆ. ಮೊದಲು ನಡುವೆ ಕುಂಡ್ರಿ, ಹಿಂದಕ್ಕೆ ಒರಗ್ರಿ, ಕಾಲು ಮೇಲೆ ತಗೊಂಡು ಓರೆ ಆಗ್ರಿ ಎಂದೆ. ಹೇಳಿದ ಹಾಗೆಯೇ ಮಾಡಿದರು ನೋಡಿ, ಒಂದೂ ಎದುರುಮಾತಿಲ್ಲದೆ! ನಾನು ಮೆಲ್ಲಗೆ ತೂಗಿದೆ. ಅವರ ಕೈಗಳು ಅಂಚು ಬಿಟ್ಟು ಎದೆಯ ಮೇಲೆ ಬಂದವು. ಗೌರಕ್ಕ ಗೋಡೆಯಾಚೆಯಿಂದ ಏನೋ ಕೇಳಲು ಬಂದರೆ ಸನ್ನೆ ಮಾಡಿ ಕಳಿಸಿದೆ. ದೀಪ ಹಚ್ಚುವ ಹೊತ್ತಿನವರೆಗೂ ಅತ್ತೆ ಏಳಲಿಲ್ಲ.

ಎದ್ದವರು ನನ್ನ ಮುಖ ನೋಡಿ ಕೇಳಿದರು: "ಅವ್ರು ಮಸ್ತ್ ನಿದ್ದಿ ಬಂತು ಅಂತಿದ್ರಲ್ಲ. ಆ ಬಿಗಿಯೊಳಗ ಖರೇನ ಬರ್ತಿತ್ತೇನವ್ವ? ನೀ ಕಿಟಕ್ಯಾಗಿಂದ ನೋಡ್ತಿದ್ದಿಯಲ್ಲ." ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ನಾನು ಎಷ್ಟು ಕಾದಿದ್ದೆ, ನಿಮಗೇ ಗೊತ್ತು. ಇಲ್ಲ ಎನ್ನುವ ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಆದರೂ "ಬರ್ತಿತ್ತು ಅತ್ತಿ. ಗೊರಕಿ ಹೊಡಿತಿದ್ರು. ಎಬ್ಬಿಸಾಕ ಮನಸ್ಸ ಬರ್ತಿದ್ದಿಲ್ಲ" ಎಂದೆ. ಅವರು "ಅಷ್ಟ ಸಾಕು ಬಿಡು" ಎಂದು ಕಣ್ಣೊರೆಸಿಕೊಂಡರು.

ಅತ್ತೆ ನಿಮ್ಮ ಕಡೆ ಬರುವುದು ಬಹಳ ತಡವಾಗಲಿ. ಬಂದ ದಿನ ನಿಮ್ಮನ್ನೂ ಇದನ್ನೇ ಕೇಳುತ್ತಾರೆ, ಕೇಳದೆ ಬಿಡುವವರಲ್ಲ. ನಾನು ಹೇಳಿದ್ದನ್ನೇ ಹೇಳಿ, ಮಾವ. ಒಂದೇ ಒಂದು ಸಲ ಈ ಸೊಸೆಯ ಮಾತು ಕೇಳಿ.

ನಿಮ್ಮ ಸೊಸೆ