‘ಇಲ್ಲ’ ಎನ್ನಲು ಜಾಗವಿಲ್ಲದ ಅರ್ಜಿ

ಮಾನ್ಯ ವಿವಾಹ ನೋಂದಣಾಧಿಕಾರಿಗಳೇ,

ತಾವು ಹೊರಡಿಸಿರುವ ‘ಹೆಚ್ಚುವರಿ ಸಂಗಾತಿ ನೋಂದಣಿ ಅರ್ಜಿ’ಯಲ್ಲಿ, ಈಗಾಗಲೇ ಇರುವ ಹೆಂಡತಿ ‘ಒಪ್ಪಿಗೆ ಇದೆ’ ಎಂದು ಗುರುತು ಹಾಕಲು ಒಂದು ಚೌಕವಿದೆ. ‘ಒಪ್ಪಿಗೆ ಇಲ್ಲ’ ಎನ್ನಲು ಚೌಕವಿಲ್ಲ. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ ಎಂಬ ಮಾತಿದೆ. ತಾವು ದೊಡ್ಡ ಮನಸ್ಸು ಮಾಡಿ ಕೋಳಿಯನ್ನು ಕೇಳಿದ್ದೀರಿ. ಅದರ ಉತ್ತರವನ್ನೂ ತಾವೇ ಅಚ್ಚು ಹಾಕಿಸಿದ್ದೀರಿ.

ಆ ಅರ್ಜಿ ಅಚ್ಚಾದ ಮುದ್ರಣಾಲಯದಲ್ಲಿ ಕರಡು ತಿದ್ದುವವಳು ನಾನೇ. ಒಂದೇ ಚೌಕ ಕಂಡು ಮಾಲೀಕರನ್ನು ಕೇಳಿದೆ. “ಅಕ್ಷರ ತಪ್ಪಿದ್ರೆ ತಿದ್ದಮ್ಮ, ಕಚೇರಿಯವರ ಬುದ್ಧಿ ತಿದ್ದೋಕೆ ಹೋಗ್ಬೇಡ” ಎಂದರು. ಯಾರದೋ ಮನೆ ಮುರಿಯುವ ಕಾಗದ, ನನಗೇನು ಎಂದು ಎರಡು ಅಲ್ಪವಿರಾಮ ಸರಿಪಡಿಸಿ, ಸಹಿ ಹಾಕಿ ಕಳಿಸಿದೆ. ಮೂರೇ ವಾರದಲ್ಲಿ ಅದು ನಮ್ಮ ಊಟದ ಮೇಜಿನ ಮೇಲೆ ಬಂದು ಕೂತಿತು. ತಂದವರು ನನ್ನ ಯಜಮಾನರು.

ಅವರು ಲಿಫ್ಟ್ ರಿಪೇರಿ ಮಾಡುವವರು. ಎರಡು ಅಂತಸ್ತಿನ ನಡುವೆ ಸಿಕ್ಕಿಕೊಂಡವರ ಫಜೀತಿಯನ್ನು ದಿನಾ ನೋಡುವವರು. ಆದರೂ, “ಪ್ರೀತಿ ಹಂಚಿದಷ್ಟೂ ಜಾಸ್ತಿ ಆಗುತ್ತೆ ಕಣೇ. ಇದು ಮುಕ್ತ ದಾಂಪತ್ಯದ ಕಾಲ. ಇಲ್ಲೊಂದು ಗುರುತು ಹಾಕು” ಎಂದರು.

“ಹಾಗಾದ್ರೆ ನಾನೂ ಒಬ್ಬರನ್ನ ನೋಡ್ಕೊಳ್ಳಲಾ?”

ಬಾಯಿಯ ಹತ್ತಿರ ಹೋದ ತುತ್ತು ಅಲ್ಲೇ ನಿಂತಿತು. “ಛೇ, ನೀನು ಅಂಥವಳಲ್ಲ ಬಿಡು.”

ಕಾಲ ಎಷ್ಟು ಮುಕ್ತವಾಗಿದೆ ಎಂಬುದು ನನಗೆ ಅಲ್ಲಿಗೇ ತಿಳಿಯಿತು.

ಇನ್ನು, ತಾವು ಆಧುನಿಕವೆಂದು ಬೀಗುವ ಈ ಏರ್ಪಾಡು ನನಗೆ ಹೊಸದೇನಲ್ಲ. ಗಡಿಯಾರ ರಿಪೇರಿ ಮಾಡುತ್ತಿದ್ದ ನನ್ನಪ್ಪನಿಗೆ ಎರಡು ಸಂಸಾರ. ಮನುಷ್ಯ ಕರಾರುವಾಕ್ಕು. ಸೋಮವಾರದಿಂದ ಬುಧವಾರ ನಮ್ಮಲ್ಲಿ, ಗುರುವಾರದಿಂದ ಶನಿವಾರ ಚಿಕ್ಕಮ್ಮನ ಮನೆಯಲ್ಲಿ, ಭಾನುವಾರ ಇಬ್ಬರ ಕಾಟವೂ ಬೇಡವೆಂದು ಅಂಗಡಿಯಲ್ಲಿ. ಒಂದು ಗುರುವಾರ ನಾನು ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡೆ. ಅಪ್ಪ ಬೇಕು ಎಂದು ಅಳತೊಡಗಿದೆ. “ಇವತ್ತು ನಮ್ಮ ದಿನ ಅಲ್ಲ ಮಗಳೇ” ಎಂದಳು ಅಮ್ಮ. ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ, ಅದೇ ನನಗೆ ಇಂದಿಗೂ ಸಂಕಟ. ಚಿಕ್ಕಮ್ಮನ ಮಗಳೂ ಎಷ್ಟೋ ಸೋಮವಾರ ಹೀಗೇ ಅತ್ತಿದ್ದಾಳು. ಪ್ರೀತಿ ಹಂಚಿದರೆ ಹೆಚ್ಚುತ್ತದೋ ಏನೋ, ಗುರುವಾರ ಮಾತ್ರ ವಾರಕ್ಕೆ ಒಂದೇ.

ಎಲ್ಲರೂ ಮನಸಾರೆ ಒಪ್ಪಿದರೆ ನಿನಗೇನು ಹೊಟ್ಟೆನೋವು ಎನ್ನುವಿರಾ? ಮನಸಾರೆ ಒಪ್ಪಿದವರು ಯಾರು, ಬೇರೆ ದಾರಿ ಕಾಣದೆ ಒಪ್ಪಿದವರು ಯಾರು ಎಂದು ಆ ಒಂಟಿ ಚೌಕ ಹೇಳೀತೇ? ಈ ಅರ್ಜಿ ಕೊಟ್ಟಿದ್ದರೆ ಅಮ್ಮನೂ ಗುರುತು ಹಾಕಿರುತ್ತಿದ್ದಳು. ತಮ್ಮ ಕಡತದಲ್ಲಿ ನಮ್ಮದೂ ಸುಖೀ ಸಂಸಾರವಾಗಿರುತ್ತಿತ್ತು.

ಆದ್ದರಿಂದ ಈ ಅರ್ಜಿಯನ್ನೂ, ಈ ನೋಂದಣಿ ಪದ್ಧತಿಯನ್ನೂ ಹಿಂದಕ್ಕೆ ಪಡೆಯಿರಿ. ಯಜಮಾನರು ತಂದ ಪ್ರತಿಯನ್ನು ಲಗತ್ತಿಸಿದ್ದೇನೆ. ತಮ್ಮ ಚೌಕದ ಪಕ್ಕದಲ್ಲಿ ಸ್ಕೇಲಿಟ್ಟು ಇನ್ನೊಂದು ಚೌಕ ಎಳೆದು, ‘ಒಪ್ಪಿಗೆ ಇಲ್ಲ’ ಎಂದು ಬರೆದು, ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ.

“ಸರ್ಕಾರಿ ಕಾಗದ ಹಾಳು ಮಾಡಿದೆಯಲ್ಲೇ!” ಎಂದರು ಯಜಮಾನರು.

“ಹಾಳು ಮಾಡಿದ್ದು ಮೊದಲನೇ ಸಲ, ಸುಮ್ಮನೆ ಸಹಿ ಹಾಕಿದಾಗ,” ಎಂದೆ. “ಈಗ ತಿದ್ದಿದೀನಿ.”

ಇಂತಿ,
ಅಲ್ಪವಿರಾಮ ತಿದ್ದಿ ಸುಮ್ಮನಾಗಿದ್ದವಳು,
ಸದ್ಯಕ್ಕೆ ವಾರದ ಏಳೂ ದಿನದ ಹೆಂಡತಿ