ಏಳನೇ ಮಾದರಿಯ ಬೂದಿ

ಗೌಡಗೆರೆ
24-4-1985

ಪ್ರೀತಿಯ ಅವ್ವನಿಗೆ ಶಂಕರಲಿಂಗ ಮಾಡುವ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಪಾವಗಡದ ನೀರು ನಿನಗೆ ಒಗ್ಗುವುದಿಲ್ಲ, ಕಾಯಿಸಿ ಆರಿಸಿ ಕುಡಿ. ಊಟ ಅರ್ಧಕ್ಕೇ ಬಿಟ್ಟು ಏಳುತ್ತೀಯೆಂದು ಅಕ್ಕ ಬರೆದಿದ್ದಾಳೆ. ಅದೇ ಕಾಗದದಲ್ಲಿ ಅವಳು ಬರೆದ ಇನ್ನೊಂದು ಸಂಗತಿಗೆ ಉತ್ತರ ಕೊಡಲು ನನಗೆ ಹನ್ನೊಂದು ದಿನ ಬೇಕಾಯಿತು.

ಎಣ್ಣೆ ಮಿಲ್ಲಿನ ಹಿಂದೆ ಬಿದ್ದಿರುವ ಕಡಲೆಕಾಯಿ ಸಿಪ್ಪೆಯನ್ನು ಪುಡಿಮಾಡಿ, ಸೌದೆಯ ಬದಲು ಉರಿಸುವ ಉಂಡೆ ಮಾಡೋಣ, ಯಾವುದು ಚೆನ್ನಾಗಿ ಉರಿಯುತ್ತದೆ ನೀನೇ ನೋಡಿ ಹೇಳು ಎಂದು ಯಜಮಾನರು ಪರ್ವತಯ್ಯನವರು ಹೇಳಿದ್ದು ನಿನಗೆ ಗೊತ್ತು. ಪರೀಕ್ಷೆಯೆಲ್ಲ ನಿನ್ನ ಒಲೆಯಲ್ಲೇ ನಡೆಯಿತಲ್ಲ. ಪ್ರತಿ ಸಲ ಒಂದು ಕೆಜಿ ಉಂಡೆ, ಅದೇ ತಪ್ಪಲೆ, ಅಷ್ಟೇ ನೀರು. ಬರೀ ಕಡಲೆಕಾಯಿ ಸಿಪ್ಪೆಯದು ಭಗ್ಗನೆ ಹತ್ತಿ, ನೀರು ಕುದಿಯುವ ಮೊದಲೇ ಉದುರಿಹೋಯಿತು. ಹರಳು ಸಿಪ್ಪೆಯದು ಬರೀ ಹೊಗೆ. "ಇದೇನ್ಲಾ, ಒಲೆ ಹಚ್ಚಿದ್ದೀಯೋ ಸೊಳ್ಳೆ ಓಡುಸ್ತಿದ್ದೀಯೋ" ಎಂದು ನೀನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಿದ್ದೆ. ತೆಂಗಿನ ನಾರಿನ ಪುಡಿಯದು ಒಣಗಲೇ ಇಲ್ಲ. ಹುಣಸೆ ಸಿಪ್ಪೆ ಸೇರಿಸಿದ್ದು ಪರವಾಗಿಲ್ಲ, ಆದರೆ ಅಂಟಿಗೆ ಹಾಕಿದ ಜೇಡಿಮಣ್ಣು ಹೆಚ್ಚಾಗಿ ಕಿಟ್ಟ ಕಟ್ಟಿತು. ಇನ್ನೆರಡು ಹತ್ತಲೇ ಇಲ್ಲ. ಹೀಗೆ ಆರು ಮಾದರಿ ಮುಗಿದವು.

ಏಳನೆಯದಕ್ಕೆ ಹುಡುಕುವಾಗ ಅಟ್ಟದ ಗಡಿಗೆಯಲ್ಲಿ, ಭತ್ತದ ಹೊಟ್ಟಿನ ನಡುವೆ ಒಂಬತ್ತು ಸಗಣಿ ಉಂಡೆ ಸಿಕ್ಕವು. ವಿಭೂತಿಗೆ ಮಾಡಿದವೆಂದು ತಿಳಿದಿತ್ತು. ಶಿವರಾತ್ರಿಗೆ ಸುಟ್ಟು ಉಳಿದವಿರಬೇಕು, ಮುಂದಿನ ವರ್ಷ ಹೇಗೂ ಹೊಸದು ಮಾಡುತ್ತೀಯೆಂದುಕೊಂಡೆ. ನೀನು ಕೆರೆಗೆ ಹೋಗಿದ್ದೆ, ಕಾದು ಕೇಳಬಹುದಿತ್ತು. ಕೇಳಲಿಲ್ಲ. ಯಜಮಾನರಿಗೆ ತೋರಿಸಲು ಒಂದನ್ನು ಎತ್ತಿಟ್ಟು, ಎಂಟಕ್ಕೆ ಸೀಮೆಎಣ್ಣೆ ಹಾಕಿ ಹಚ್ಚಿದೆ. ಹೊಗೆಯಿಲ್ಲ, ಕಿಟ್ಟವಿಲ್ಲ, ನಿಧಾನದ ಕೆಂಡ, ಬಿಳಿ ಬೂದಿ. ಅಷ್ಟು ಒಣಗಿದ ಉಂಡೆ ಒಂದು ವರ್ಷದ್ದಲ್ಲವೆಂದು ನನಗಾದರೂ ಹೊಳೆಯಬೇಕಿತ್ತು. ಬೂದಿಯನ್ನು ತೂಗಿ ಬರೆದುಕೊಂಡು ಪಾತ್ರೆ ತಿಕ್ಕುವ ಡಬ್ಬಿಗೆ ಸುರಿದೆ. ನೀನು ಬಂದೊಡನೆ ಗಡಿಗೆ ತೋರಿಸಿ, ಏಳನೆಯದೇ ಎಲ್ಲಕ್ಕಿಂತ ವಾಸಿ ಎಂದು ಹಿಗ್ಗಿದವನು ನಾನು. ಬರಿದಾದ ಗಡಿಗೆಯ ಹೊಟ್ಟಿನಲ್ಲಿ ಸ್ವಲ್ಪ ಹೊತ್ತು ಕೈಯಾಡಿಸಿ, "ಚೆನ್ನಾಗ್ ಉರೀತಾ, ಮಗ?" ಅಷ್ಟೇ ನೀನು ಕೇಳಿದ್ದು. ಆಮೇಲೆ ಎರಡು ದಿನ ನೀನು ಪಾತ್ರೆಯನ್ನು ಬೂದಿ ಬಿಟ್ಟು ಮಣ್ಣಿನಲ್ಲಿ ತಿಕ್ಕಿದೆ. ಅದನ್ನೂ ನಾನು ನೋಡಿದೆ, ಯಾಕೆಂದು ಕೇಳಲಿಲ್ಲ. ಮೂರನೆಯ ದಿನ ನೀನು ಪಾವಗಡದ ಬಸ್ಸು ಹತ್ತಿದೆ.

ಅಕ್ಕ ಬರೆದ ಆ ಸಂಗತಿ ಇದು: ಅಪ್ಪ ತೀರಿಹೋದ ವರ್ಷ ಮಾಡಿದ ಉಂಡೆಗಳಂತೆ ಅವು. ನಮ್ಮ ಹಸು ಗೌರಿಯ ಸಗಣಿಯನ್ನು ನೆಲಕ್ಕೆ ಬೀಳುವ ಮೊದಲೇ ಮುತ್ತುಗದ ಎಲೆಯಲ್ಲಿ ಹಿಡಿದುಕೊಟ್ಟವರು ಅಪ್ಪ, ಉಂಡೆ ಕಟ್ಟಿದವಳು ನೀನು. ಅದರಲ್ಲಿ ಅರ್ಧದ ವಿಭೂತಿ ಅವರ ಸಮಾಧಿಯೊಳಗೆ ಮೈಮೇಲೆ ಹಾಕಲು ಹೋಯಿತು. ಉಳಿದರ್ಧವನ್ನು ನೀನು ನಿನ್ನ ಸಮಾಧಿಗೆಂದು ಆರು ವರ್ಷ ಕಾಪಾಡಿದ್ದೆ. ಈಗ ಅಪ್ಪನೂ ಇಲ್ಲ, ಆ ಹಸುವೂ ಇಲ್ಲ.

ನಿನ್ನೆ ಮಿಲ್ಲಿಗೆ ಹೋಗಿ, ಏಳನೆಯದನ್ನು ಪಟ್ಟಿಯಿಂದ ತೆಗೆಯಿರಿ, ಅಂಥದ್ದನ್ನು ಇನ್ನು ಮಾಡಲಾಗದು ಎಂದೆ. "ಒಲೆಗಾಕೋದ್ಕೂ ಮಡಿ ಮೈಲಿಗೆಯೇನ್ಲಾ ನಿಂದು?" ಎಂದು ಯಜಮಾನರು ರೇಗಿದರು. ಕಾರಣ ಹೇಳಿದ ಮೇಲೆ ಎದ್ದು ನಿಂತು, ಮೇಜಿನ ಮೇಲಿದ್ದ ಉಂಡೆಯನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟರು.

ಅಕ್ಕನಿಗೂ ಭಾವನಿಗೂ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಬೈಯುವುದಕ್ಕಾದರೂ ಮನೆಗೆ ಬಾ.

ನಿನ್ನ ಮಗ
ಶಂಕರಲಿಂಗ

ಮೇಲೆ ಬರೆಯಲು ಕೈ ಬರಲಿಲ್ಲ: ಈ ಕಾಗದ ತರುವ ಬಸ್ಸಿನ ಬೋರಪ್ಪನ ಕೈಯಲ್ಲಿ ಬಿಸ್ಕತ್ತಿನ ಡಬ್ಬಿ ಕೊಟ್ಟಿದ್ದೇನೆ. ಒಳಗೆ ಆ ಒಂದು ಉಂಡೆಯನ್ನು ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ. ಒಂದು ಉಂಡೆಗೆ ಎಷ್ಟು ವಿಭೂತಿ ಬರುತ್ತದೆಂದು ನನಗೆ ಗೊತ್ತು, ತೂಗಿದ್ದೇನಲ್ಲ. ಮೂವತ್ತು ಗ್ರಾಂ. ಹಣೆಗೆ ಮಾತ್ರ ಸಾಲುತ್ತದೆ, ಅವ್ವ.